ಮಗಳ ಕೈ ಕಾಣುವ ಕ್ಯಾಮೆರಾ

12 ಜನವರಿ 2025, ಭಾನುವಾರ

ಬೆಳಗ್ಗೆಯಿಂದ ಫೋನಿನಲ್ಲಿರುವ ಕೆಟ್ಟ ಫೋಟೋಗಳನ್ನು ಹುಡುಕಿ ಹುಡುಕಿ ನೋಡಿದೆ. ಇದು ಅಕ್ಕ ಹೇಳಿಕೊಟ್ಟ ಉಪಾಯ. ಮೂರು ವಾರದಿಂದ "ಯಾವ ಕ್ಯಾಮೆರಾ ತಗೊಳ್ಳಲಿ" ಅಂತ ಅವಳ ತಲೆ ತಿನ್ನುತ್ತಿದ್ದೆ. ನಿನ್ನೆ ರಾತ್ರಿ ಅವಳು, "ಆ ಪಟ್ಟಿ ಎಲ್ಲ ಪಕ್ಕಕ್ಕಿಡು. ನಿನ್ನ ಫೋನ್ ಎಲ್ಲೆಲ್ಲಿ ಕೈಕೊಟ್ಟಿದೆ ಅಂತ ಮೊದಲು ನೋಡು. ಅಲ್ಲಿ ಕೈಕೊಡದ ಕ್ಯಾಮೆರಾ ತಗೋ, ಸಾಕು" ಅಂದಳು.

ನೋಡಿದೆ. ಬಿಸಿಲಿನಲ್ಲಿ ತೆಗೆದದ್ದು ಒಂದೂ ಕೆಟ್ಟಿಲ್ಲ. ಕೆಟ್ಟಿರುವುದೆಲ್ಲ ಒಂದೇ ಬಗೆಯವು. ಸಂಜೆ ಹೊತ್ತು, ಮನೆಯೊಳಗೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಗಳು ಡಾನ್ಸ್ ಪ್ರಾಕ್ಟೀಸ್ ಮಾಡುವಾಗ ತೆಗೆದವು. ಒಂದರಲ್ಲಿ ಅವಳ ಮುಖ ಎಷ್ಟು ಸ್ಪಷ್ಟವಾಗಿದೆ ಅಂದರೆ ಗಲ್ಲದ ಮೇಲಿನ ಮಚ್ಚೆ ಕೂಡ ಕಾಣುತ್ತದೆ. ಆದರೆ ಕೈ ಇಲ್ಲ. ಮೊಣಕೈಯಿಂದ ಆಚೆಗೆ ಬರೀ ಹೊಗೆ. ವಿವರ ತೆರೆದು ನೋಡಿದರೆ ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರಲು ಶಟರ್ ತೆರೆದಿರುವ ಹೊತ್ತು, 1/25 ಸೆಕೆಂಡ್. ಓದುವುದಕ್ಕೆ ತುಂಬಾ ಕಡಿಮೆ ಅನಿಸುತ್ತದೆ, ಅಲ್ವಾ? ಅಷ್ಟರಲ್ಲಿ ಕುಣಿಯುವ ಮಗುವಿನ ಕೈ ಅರ್ಧ ಗೇಣು ದಾಟಿಬಿಡುತ್ತದೆ. ಆ ಕೈ ನಿಲ್ಲಬೇಕಾದರೆ 1/250 ಆದರೂ ಬೇಕು. ಶಟರ್ ತೆರೆದಿರುವ ಹೊತ್ತು ಹತ್ತರಲ್ಲಿ ಒಂದು ಪಾಲಾದರೆ ಒಳಗೆ ಬರುವ ಬೆಳಕೂ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಎಲ್ಲಿಂದ ತರುವುದು? ನನಗೆ ಬೇಕಾದ ಕ್ಯಾಮೆರಾ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಇದು ಮೊದಲೇ ಹೊಳೆಯದೆ ಹೋಗಿದ್ದರೆ 40 ಪಟ್ಟು ಝೂಮ್ ಇರುವ ಒಂದು ಕ್ಯಾಮೆರಾ ಕೊಂಡೇಬಿಡುತ್ತಿದ್ದೆ. ನೋಡಲು ದೊಡ್ಡದು, ಹಿಡಿಯಲು ಚೆಂದ. ಆದರೆ ಅದರೊಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, 1/2.3 ಇಂಚು ಅಂತ ಕರೆಯುವಂಥದ್ದು. ಅಳತೆ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು! ಲೆನ್ಸ್ ಬದಲಿಸಬಹುದಾದ ಹಲವು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ ಸುಮಾರು 23.5ಕ್ಕೆ 15.6 ಮಿಲಿಮೀಟರ್. ಲೆಕ್ಕ ಹಾಕಿದೆ, ಜಾಗ ಸುಮಾರು 13 ಪಟ್ಟು ಜಾಸ್ತಿ. ಮಳೆ ನೀರು ಹಿಡಿಯಲು ಲೋಟ ಇಡುವುದಕ್ಕೂ ಪರಾತ ಇಡುವುದಕ್ಕೂ ಇರುವ ವ್ಯತ್ಯಾಸ. ಕತ್ತಲಾದಂತೆ ಫೋಟೋದಲ್ಲಿ ಕಾಣಿಸುವ ಆ ಮರಳು ಮರಳಾದ ಕಾಳುಗಳು ದೊಡ್ಡ ಸೆನ್ಸರಿನಲ್ಲಿ ಬಹಳ ಕಡಿಮೆ. ಅಂದಹಾಗೆ, "1 ಇಂಚು" ಸೆನ್ಸರ್ ಅಂತ ಬರೆದಿರುತ್ತಾರಲ್ಲ, ಅದೂ ಒಂದು ಇಂಚು ಇರುವುದಿಲ್ಲ, 13.2ಕ್ಕೆ 8.8 ಮಿಲಿಮೀಟರ್ ಅಷ್ಟೇ. ಹಳೆಯ ವಿಡಿಯೋ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಉಳಿದುಕೊಂಡ ಹೆಸರು ಅದು. ಹಾಗಾಗಿ ಇಂಚಿನ ಲೆಕ್ಕ ನಂಬದೆ ಮಿಲಿಮೀಟರ್ ನೋಡುವುದೇ ಒಳ್ಳೆಯದು.

ಮೆಗಾಪಿಕ್ಸೆಲ್ ಬಗ್ಗೆ ಈಗ ತಲೆ ಕೆಡಿಸಿಕೊಳ್ಳುತ್ತಿಲ್ಲ. 12 ಮೆಗಾಪಿಕ್ಸೆಲ್ ಅಂದರೆ 4000ಕ್ಕೆ 3000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೂ 13 ಇಂಚು ಅಗಲ ಬರುತ್ತದೆ. ಮನೆಯ ಆಲ್ಬಮ್‌ಗೆ ಅದಕ್ಕಿಂತ ದೊಡ್ಡದು ಯಾಕೆ? ವೈಫೈ, ತಿರುಗುವ ಸ್ಕ್ರೀನ್ ಇದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ.

ಮಧ್ಯಾಹ್ನ ಅಕ್ಕ ತನ್ನ ಹಳೇ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ತಂದುಕೊಟ್ಟಳು. 18-55 ಮಿಲಿಮೀಟರ್ ಝೂಮ್ ಲೆನ್ಸ್ ಇತ್ತು, ಈ ಸಂಖ್ಯೆ ಹೆಚ್ಚಾದಷ್ಟು ದೃಶ್ಯ ಹತ್ತಿರ ಬಂದು ಫ್ರೇಮಿನಲ್ಲಿ ಕಡಿಮೆ ಜಾಗ ಹಿಡಿಯುತ್ತದೆ. ಬಟನ್ ಅರ್ಧ ಒತ್ತಿದಾಗ ಬೆರಳಿಗೆ ಸಣ್ಣ ತಡೆ ಸಿಗುತ್ತದೆ, ಫೋಕಸ್ ಆಗಿ "ಪಿಪ್" ಅನ್ನುತ್ತದೆ. ಅಲ್ಲೇ ತಡೆದು ಕಾದು, ಮಗಳು ಕೈ ಎತ್ತಿದ ಕೂಡಲೇ ಪೂರ್ತಿ ಒತ್ತಿದೆ. ಟಕ್! ಆ ಕ್ಷಣವೇ ಸಿಕ್ಕಿತು. ಫೋನಿನಲ್ಲಿ ಒತ್ತಿದ ಮೇಲೆ ಒಂದು ಕ್ಷಣ ಕಾಯಬೇಕಾಗುತ್ತಿತ್ತು, ಅಷ್ಟರಲ್ಲಿ ಆ ಭಂಗಿಯೇ ಮುಗಿದಿರುತ್ತಿತ್ತು. ಇದೊಂದಕ್ಕೇ ನನಗೆ ಕ್ಯಾಮೆರಾ ಬೇಕು ಅನಿಸಿಬಿಟ್ಟಿತು.

ಆದರೂ ಟ್ಯೂಬ್‌ಲೈಟ್ ಕೆಳಗೆ ಆ ಲೆನ್ಸ್ ಸಾಲಲಿಲ್ಲ. ಝೂಮ್ ಪೂರ್ತಿ ಎಳೆದರೆ ಅದರ ಅಪರ್ಚರ್, ಅಂದರೆ ಬೆಳಕು ಬರುವ ಕಂಡಿ, ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟು ಕಂಡಿ ದೊಡ್ಡದು. ಎಫ್ 1.8 ಲೆನ್ಸ್ ಹಾಕಿದರೆ 9 ಪಟ್ಟಿಗಿಂತಲೂ ಜಾಸ್ತಿ ಬೆಳಕು. ಆ ಝೂಮ್ ಲೆನ್ಸಿಗೆ ಸಾಲದೆ ಹೋಗಿದ್ದ ಬೆಳಕು ಬಹುಪಾಲು ಇಲ್ಲೇ ಇತ್ತು! ಝೂಮ್ ಇಲ್ಲದ ಲೆನ್ಸ್ ಆದ್ದರಿಂದ ಇದು ಚಿಕ್ಕದು, ಹಗುರ, ದುಬಾರಿಯೂ ಅಲ್ಲ.

35 ಮಿಲಿಮೀಟರ್ ತಗೊಳ್ಳಬೇಕೋ 50 ತಗೊಳ್ಳಬೇಕೋ ಅನ್ನುವುದನ್ನು ಅಕ್ಕನ ಝೂಮ್ ಲೆನ್ಸೇ ಹೇಳಿತು. ಮೊದಲು 50ಕ್ಕೆ ತಿರುಗಿಸಿ, ರಿಂಗ್ ಅಲುಗದಂತೆ ಟೇಪ್ ಅಂಟಿಸಿ, ಕೋಣೆಯ ಮೂಲೆಗೆ ಬೆನ್ನು ತಾಗಿಸಿ ನಿಂತೆ. ಮಗಳ ಪಾದ ಫ್ರೇಮಿನಿಂದ ಹೊರಗೆ. ಎಪಿಎಸ್-ಸಿ ಸೆನ್ಸರಿನಲ್ಲಿ 50 ಅನ್ನುವುದು ಹಳೇ ಫಿಲಂ ಕ್ಯಾಮೆರಾದ ಸುಮಾರು 75ರಂತೆ ಕಾಣುತ್ತದೆ, ಹಾಗಾಗಿ ಇಕ್ಕಟ್ಟು. ಟೇಪ್ ಕಿತ್ತು 35ಕ್ಕೆ ಇಟ್ಟೆ. ತಲೆಯಿಂದ ಪಾದದವರೆಗೆ ಬಂದಳು, ಎತ್ತಿದ ಕೈಗೂ ಜಾಗ ಉಳಿಯಿತು. ನಮ್ಮ ಕೋಣೆಗೆ 35 ಸರಿ.

ಹೊಸ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಬಾಡಿ ಸೆಕೆಂಡ್ ಹ್ಯಾಂಡ್ ಇರಲಿ, ಲೆನ್ಸ್ ಹೊಸದಿರಲಿ ಅಂತ ತೀರ್ಮಾನಿಸಿದೆ. ಅಕ್ಕ ಇಲ್ಲೊಂದು ಎಚ್ಚರಿಕೆ ಹೇಳಿದಳು. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ಮೋಟಾರ್ ಇಲ್ಲದ ಹಳೇ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಕುಣಿಯುವ ಮಗುವಿನ ಮುಂದೆ ಅದು ಆಗದ ಮಾತು. ಆ ಸಾಲಿಗೆ ಹೆಸರಿನಲ್ಲಿ ಎಎಫ್-ಎಸ್ ಅಂತ ಇರುವ ಲೆನ್ಸ್ ನೋಡಿ ತಗೊಳ್ಳಬೇಕು.

ನಾಳೆ ಸಂಜೆ ಒಂದು ಬಾಡಿ ನೋಡಲು ಹೋಗುತ್ತಿದ್ದೇವೆ. ಅದರ ಮಾಲೀಕರು ಹಳೇ ಝೂಮ್ ಲೆನ್ಸನ್ನೂ ಜೊತೆಗೇ ಕೊಡುತ್ತಾರಂತೆ. ಟಾರ್ಚಿನ ಬೆಳಕು ಹಾಯಿಸಿ ಆ ಲೆನ್ಸಿನ ಒಳಗೆ ನೋಡಬೇಕು, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಎಫ್ 16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಎಷ್ಟು ಕ್ಲಿಕ್ ಆಗಿದೆ ಅಂತಲೂ ಕೇಳಬೇಕು. ಈ ವರ್ಗದ ಹಲವು ಕ್ಯಾಮೆರಾಗಳ ಶಟರನ್ನು ಸುಮಾರು 1 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ. 20 ಸಾವಿರ ಆಗಿದ್ದರೆ ಧೈರ್ಯವಾಗಿ ಕೊಳ್ಳಬಹುದು, 90 ಸಾವಿರ ಆಗಿದ್ದರೆ ಬೇಡ. ಆಮೇಲೆ ಸುಮ್ನೆ ಹತ್ತು ನಿಮಿಷ ಕುತ್ತಿಗೆಗೆ ಹಾಕಿಕೊಂಡು ಓಡಾಡಿ ನೋಡುತ್ತೇನೆ. ಭಾರ ಅನಿಸಿದರೆ ಕಪಾಟಿನಲ್ಲೇ ಉಳಿದುಬಿಡುತ್ತದೆ.

ನನ್ನದೇ ಮೆಮೊರಿ ಕಾರ್ಡ್ ಖಾಲಿ ಮಾಡಿ ಬ್ಯಾಗಿನಲ್ಲಿ ಇಟ್ಟಿದ್ದೇನೆ, ಅಲ್ಲಿ ತೆಗೆದದ್ದನ್ನು ಮನೆಗೆ ತಂದು ದೊಡ್ಡದು ಮಾಡಿ ನೋಡಲು. ಮಗಳೂ ಬರುತ್ತೇನೆ ಅಂದಿದ್ದಾಳೆ. ಅಲ್ಲೇ ಒಂದೆರಡು ಹೆಜ್ಜೆ ಹಾಕಿ ತೋರಿಸುತ್ತಾಳಂತೆ. ಟಾರ್ಚಿಗೆ ಹೊಸ ಸೆಲ್ ಹಾಕಬೇಕು.