ಮಕ್ಕಳ ಅಲರ್ಜಿ ಸಿರಪ್: ಎಂಎಲ್ ಬೇರೆ, ಎಂಜಿ ಬೇರೆ

ಸೀನು, ಮೈ ತುರಿಕೆಗೆ ಡಾಕ್ಟರು ಹೆಚ್ಚಾಗಿ ಬರೆಯುವುದು ಸೆಟಿರಿಜಿನ್. ಸಾಮಾನ್ಯ ಸಿರಪ್‌ನಲ್ಲಿ 5 ಎಂಎಲ್‌ಗೆ 5 ಎಂಜಿ ಔಷಧಿ ಇರುತ್ತದೆ. 2ರಿಂದ 5 ವರ್ಷದವರಿಗೆ ಒಂದು ಸಲಕ್ಕೆ 2.5 ಎಂಜಿ, ಅಂದರೆ ಎರಡೂವರೆ ಎಂಎಲ್. ದಿನಕ್ಕೆ ಒಟ್ಟು 5 ಎಂಜಿ ದಾಟಬಾರದು. ಎರಡು ವರ್ಷದೊಳಗಿನ ಮಗುವಿಗೆ ಡಾಕ್ಟರು ಹೇಳದೆ ಕೊಡಲೇಬೇಡಿ. ಲೆವೊಸೆಟಿರಿಜಿನ್ ಸಿರಪ್‌ನಲ್ಲಿ ಅದೇ 5 ಎಂಎಲ್‌ಗೆ 2.5 ಎಂಜಿ ಇರುತ್ತದೆ. ಎರಡೂ ಒಂದೇ ಜಾತಿಯವು. ಜೊತೆಗೆ ಕೊಟ್ಟರೆ ಡೋಸ್ ಇಮ್ಮಡಿಯಾಗಿ ಮಗು ಮಂಕಾಗುತ್ತದೆ.

ಅಡುಗೆಮನೆಯ ಚಮಚ ಬೇಡವೇ ಬೇಡ. ಒಂದರಲ್ಲಿ 3 ಎಂಎಲ್ ಹಿಡಿದರೆ ಇನ್ನೊಂದರಲ್ಲಿ 7. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಗೆರೆ ನೋಡಿ ಎಳೆದು, ಮಗುವನ್ನು ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಿ. ಗಂಟಲಿಗೆ ನೇರವಾಗಿ ಚಿಮ್ಮಿಸಿದರೆ ನೆತ್ತಿಗೇರುತ್ತದೆ.

ನೆಗಡಿ ಸಿರಪ್‌ನ ಲೇಬಲ್ ಓದಿ. ಕ್ಲೋರ್‌ಫೆನಿರಮಿನ್ (ನಿದ್ದೆ ಬರಿಸುವ ಅಲರ್ಜಿ ಔಷಧಿ), ಫಿನೈಲೆಫ್ರಿನ್ (ಕಟ್ಟಿದ ಮೂಗು ಬಿಡಿಸುವ ಔಷಧಿ) ಜೋಡಿಯನ್ನು 4 ವರ್ಷದೊಳಗಿನವರಿಗೆ ಬಳಸಬಾರದೆಂದು ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ. ಮಗು ನಿದ್ದೆ ಮಾಡಲಿ ಎಂದು ಈ ಔಷಧಿ ಕೊಡುವುದು ಅಪಾಯ.

ತುಟಿ, ನಾಲಿಗೆ ಊದಿ ಉಸಿರಾಟಕ್ಕೆ ಕಷ್ಟವಾದರೆ ಸಿರಪ್ ಕೊಡುತ್ತಾ ಕಾಯಬೇಡಿ. ಆಗ ಬೇಕಿರುವುದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಫೋನ್ ಮಾಡಿ.