ಮೊದಲು ವಕೀಲರು, ಆಮೇಲೆ ಮೈಕು

ಗಾಂಜಾ ಕಾನೂನು ಸುಧಾರಣೆಯ ಚಳವಳಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳ ಕೈಗೆ ಮೊದಲ ದಿನವೇ ಮೈಕು ಕೊಡಬೇಡಿ. ಮೊದಲು ವಕೀಲರೊಬ್ಬರ ಜೊತೆ ಕೂರಿಸಿ. ‘ನಾನೂ ಬಳಸುತ್ತೇನೆ’ ಎಂದು ಸಾರ್ವಜನಿಕವಾಗಿ ಆಡಿದ ಒಂದು ಮಾತು ಕೆಲಸಕ್ಕೆ, ವಿಚ್ಛೇದನದ ಮೊಕದ್ದಮೆ ಇದ್ದರೆ ಮಕ್ಕಳ ಸುಪರ್ದಿಗೂ ಕುತ್ತು ತರಬಹುದು. ‘ಧೈರ್ಯವಾಗಿ ಹೇಳಿಬಿಡಿ’ ಎನ್ನುವವರಿಗೆ (ಹೆಚ್ಚಾಗಿ ಗಂಡಸರೇ) ಕಳೆದುಕೊಳ್ಳುವುದು ಕಡಿಮೆ ಇರುತ್ತದೆ.

ಆಮೇಲೆ ಪದಗಳು. ಅಪರಾಧಮುಕ್ತಗೊಳಿಸುವುದು (ಬಳಸಿದವರನ್ನು ಅಪರಾಧಿಗಳೆಂದು ಶಿಕ್ಷಿಸದಿರುವುದು) ಬೇರೆ, ಮಾರಾಟವನ್ನು ಕಾನೂನುಬದ್ಧಗೊಳಿಸುವುದು ಬೇರೆ, ವೈದ್ಯಕೀಯ ಬಳಕೆಗೆ ಅನುಮತಿ ಬೇರೆ. ಇವನ್ನು ಕಲಸಿದರೆ ಎದುರಾಳಿ ಅಲ್ಲೇ ಹಿಡಿಯುತ್ತಾರೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಮಾದಕವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ನಾಲ್ಕನೇ ಪಟ್ಟಿಯಿಂದ, ಅಂದರೆ ಅತ್ಯಂತ ಬಿಗಿ ನಿಯಂತ್ರಣದ ಪಟ್ಟಿಯಿಂದ, ಗಾಂಜಾವನ್ನು ತೆಗೆಯಿತು. ಇದನ್ನೇ ‘ನಿಷೇಧ ಹೋಯಿತು’ ಎಂದು ಹೇಳಿಬಿಡುತ್ತಾರೆ. ಹೋಗಿಲ್ಲ, ನಿಯಂತ್ರಣಕ್ಕೆ ಒಳಪಟ್ಟ ವಸ್ತುಗಳ ಒಂದನೇ ಪಟ್ಟಿಯಲ್ಲಿ ಅದನ್ನು ಹಾಗೇ ಉಳಿಸಲಾಯಿತು.

ಶಾಸಕರ ಸಮಿತಿಯ ಮುಂದೆ ಎರಡು ನಿಮಿಷ ಸಿಕ್ಕರೆ ಬರಹ 150 ಪದ ದಾಟದಿರಲಿ. ಒಂದೇ ಬೇಡಿಕೆ, ಮಸೂದೆಯ ಕಲಂ ಸಂಖ್ಯೆಯ ಸಮೇತ. ಗಡಿಯಾರ ಇಟ್ಟು ಮೂರು ಸಲ ಓದಿಸಿ. ಮೂರನೆಯ ಸಲ ಬೇಕೆಂದೇ ನಡುವೆ ಬಾಯಿ ಹಾಕಿ. ಸಮಿತಿಯವರ ಪ್ರಶ್ನೆಗೆ ಅವರು ತಡವರಿಸಿದಾಗ ನೀವೇ ಎದ್ದು ಉತ್ತರಿಸಿದರೆ ಕಲಿಸಿದ್ದೆಲ್ಲ ನೀರುಪಾಲು. ಉತ್ತರ ಗೊತ್ತಿಲ್ಲದಿದ್ದರೆ ‘ಲಿಖಿತವಾಗಿ ಕಳಿಸುತ್ತೇನೆ’ ಎಂಬ ಮಾತು ಅವರ ಬಾಯಲ್ಲಿರಲಿ, ಉತ್ತರ ಮರುದಿನವೇ ಹೋಗಲಿ.