ಮಾಗಡಿಯ ಕೆರೆಯಿಂದ ಅಘನಾಶಿನಿಯ ಕೆಸರಿಗೆ

ಧಾರವಾಡ, 12 ಜನವರಿ 2025, ರವಿವಾರ

ಕರಾವಳಿಗೆ ಹೊರಡುವ ಮುನ್ನ ಮಾಗಡಿ ಕೆರೆಯನ್ನು ನೋಡಿಕೊಂಡೇ ಹೋಗಬೇಕೆಂದು ನಿಶ್ಚಯಿಸಿದ್ದಕ್ಕೆ ಒಂದು ಕಾರಣವಿದೆ. ಕಳೆದ ವರ್ಷದ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಾಗಗಳು ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಒಟ್ಟಿಗೆ ಸೇರಿದವು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ನಮ್ಮ ಗದಗ ಜಿಲ್ಲೆಯ ಮಾಗಡಿ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅಲ್ಲಿಯವರೆಗೆ ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಮಾಗಡಿಯ ವಿಸ್ತೀರ್ಣ 54 ಹೆಕ್ಟೇರ್ ಚಿಲ್ಲರೆ, ಅಘನಾಶಿನಿಯದು 4,801 ಹೆಕ್ಟೇರ್. ಒಂದು ಸಿಹಿನೀರಿನ ಕೆರೆ, ಇನ್ನೊಂದು ನದಿ ಕಡಲನ್ನು ಸೇರುವ ಉಪ್ಪುನೀರಿನ ಬಾಯಿ. ಒಂದೇ ಪ್ರಕಟಣೆಯಲ್ಲಿ ಹೆಸರು ಬಂದ ಈ ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಏನು ಕಂಡೀತು ಎಂಬುದು ನನ್ನ ಕುತೂಹಲ.

ಗದಗ ದಾಟಿ ಶಿರಹಟ್ಟಿಯ ಕಡೆ ಸಾಗಿದಂತೆ ಎರೆಹೊಲಗಳಲ್ಲಿ ಬಿಳಿಜೋಳ ಸೀತನಿಯ ಹದಕ್ಕೆ ಬಂದಿತ್ತು. ತೆನೆಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿಯುವುದು, ಹೊಲದವರು ಕೂಗಿ ಎಬ್ಬಿಸುವುದು, ಅದೇ ಹಿಂಡು ಮಗ್ಗುಲ ಹೊಲಕ್ಕೆ ಇಳಿಯುವುದು ನಡೆದೇ ಇತ್ತು. ಕೆರೆಯ ಏರಿ ಹತ್ತಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯ ಮೇವು ಮುಗಿಸಿ ಹೊಲಗಳಿಂದ ಗುಂಪುಗುಂಪಾಗಿ ಮರಳುತ್ತಿದ್ದವು. ನೀರಿಗೆ ಇಳಿಯುವ ಮುಂಚೆ ರೆಕ್ಕೆಗಳನ್ನು ಓರೆ ಮಾಡಿ ಎತ್ತರವನ್ನು ಒಮ್ಮೆಲೇ ಕಳೆದುಕೊಳ್ಳುವ ಅವುಗಳ ರೀತಿಯನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳಿರುವ, ಎರಡು ಮೂರು ಕಿಲೋ ತೂಗುವ ಈ ಹಕ್ಕಿಗಳು ಮಂಗೋಲಿಯ, ಟಿಬೆಟ್ ಮತ್ತು ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ಉಪಗ್ರಹದ ಸಾಧನ ಕಟ್ಟಿದ ಹೆಬ್ಬಾತುಗಳು 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಹೊಲದವರಿಗೆ ಈ ಅತಿಥಿಗಳ ಮೇಲೆ ಮುನಿಸು ಇಲ್ಲದಿಲ್ಲ, ಏಕೆಂದರೆ ಅವು ಮೇಯುವುದು ಅವರ ಬೆಳೆಯನ್ನೇ. ಆದರೂ ಯಾರೂ ಕಲ್ಲು ಬೀರಿದ್ದನ್ನು ನಾನು ಕಂಡಿಲ್ಲ.

ಏರಿಯ ಮೇಲೆ ಉದ್ದ ಲೆನ್ಸುಗಳ ಸಾಲೇ ಇತ್ತು. ಬಿಸಿಲೇರಿದ ಮೇಲೆ ಹೆಬ್ಬಾತುಗಳು ಕೊರಳನ್ನು ಬೆನ್ನಿನ ಮೇಲೆ ಹೊರಳಿಸಿ ನಿದ್ದೆಗೆ ತೊಡಗಿದವು, ಲೆನ್ಸುಗಳು ಚೀಲ ಸೇರಿದವು. ಕೆರೆಯಲ್ಲಿ ಎಲ್ಲವೂ ಸೂರ್ಯನ ಲೆಕ್ಕ: ಬೆಳಿಗ್ಗೆ ಬನ್ನಿ, ಸಂಜೆ ಬನ್ನಿ, ನಡುವೆ ಹೆಚ್ಚೇನೂ ನಡೆಯದು.

ಗೋಕರ್ಣ, 15 ಜನವರಿ 2025, ಬುಧವಾರ

ಕೆರೆಯ ಈ ಲೆಕ್ಕವನ್ನೇ ಹಿಡಿದು ಕಡಲಿಗೆ ಬರುವ ಬಯಲುಸೀಮೆಯವರನ್ನು ನಾನು ಬಹಳ ಕಂಡಿದ್ದೇನೆ. ಅವರು ನಸುಕಿನಲ್ಲೇ ಎದ್ದು ಅಳಿವೆಯ ದಂಡೆಗೆ ಬರುತ್ತಾರೆ, ತುಂಬಿ ನಿಂತ ನೀರನ್ನೂ ಒಂದೆರಡು ಗರುಡಗಳನ್ನೂ ನೋಡುತ್ತಾರೆ, ಇಲ್ಲಿ ಹಕ್ಕಿಗಳೇ ಇಲ್ಲವೆಂದು ತೀರ್ಮಾನಿಸಿ ಒಂಬತ್ತು ಗಂಟೆಗೆ ಹೋಟೆಲು ಸೇರುತ್ತಾರೆ. ಅದೇ ಜಾಗ ಮಧ್ಯಾಹ್ನದ ಹೊತ್ತಿಗೆ ಹಕ್ಕಿಗಳಿಂದ ತುಂಬಿರುತ್ತದೆ, ನೋಡಲು ಅವರು ಇರುವುದಿಲ್ಲ. ಕಡಲಂಚಿನಲ್ಲಿ ಬೇಕಾದದ್ದು ಭರತ–ಇಳಿತದ ಪಟ್ಟಿ. ಅದು ಕೈಗೆ ಸಿಗದಿದ್ದರೆ ಮನೆಯ ಗೋಡೆಯ ಪಂಚಾಂಗವೂ ಅರ್ಧ ಕೆಲಸ ಮಾಡುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಅದರಲ್ಲೂ ಅವು ಕಳೆದ ಒಂದೆರಡು ದಿನಗಳಲ್ಲಿ, ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಮಂದವಾಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ, ಮತ್ತು ಪ್ರತಿದಿನವೂ ಸುಮಾರು 50 ನಿಮಿಷ ತಡ. ಬನದ ಹುಣ್ಣಿಮೆ ಸೋಮವಾರ ಕಳೆದಿತ್ತು, ಸಂಕ್ರಾಂತಿ ನಿನ್ನೆ ಮುಗಿಯಿತು. ಇಂದಿನ ಇಳಿತ ಬೆಳಗಿನ ಮುಂಜಾವಿಗೆ ಬೀಳುವುದೆಂಬ ಲೆಕ್ಕದಲ್ಲೇ ನಾವು ನಿನ್ನೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ದಾರಿಯಾಗಿ ಇಳಿದು ಬಂದಿದ್ದೆವು.

ಅಘನಾಶಿನಿಯ ಬಾಯಲ್ಲಿರುವ ತದಡಿಯ ಬಂದರಿನ ಹಿಂದೆ ನೀರು ಸರಿದು ಕೆಸರು ಮೈಲುಗಟ್ಟಲೆ ಬಯಲಾಗಿತ್ತು. ಅದರ ಮೇಲೆ ಸೊಂಟಕ್ಕೆ ಸೀರೆ ಸಿಕ್ಕಿಸಿದ ಹೆಂಗಸರು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿದ್ದರು. ಅವರಿಂದ ಹತ್ತಿಪ್ಪತ್ತು ಮಾರು ದೂರದಲ್ಲಿ, ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಕ್ಕಿಗಳೂ ಅದೇ ಕೆಲಸದಲ್ಲಿದ್ದವು. ಮೊದಲ ನೋಟಕ್ಕೆ ಕೆಸರು ಬರಿದೆನಿಸುತ್ತದೆ. ಬೈನಾಕ್ಯುಲರನ್ನು ಒಂದೇ ಕಡೆ ಹಿಡಿದು ನಿಂತರೆ ಮಾತ್ರ ಒಂದು ಹೆಂಟೆ ಓಡುತ್ತದೆ, ನಿಲ್ಲುತ್ತದೆ, ಬಾಗುತ್ತದೆ. ಅದರ ಪಕ್ಕದ ಹೆಂಟೆಯೂ ಹಾಗೆಯೇ ಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣೆದುರಿನ ಕೆಸರೆಲ್ಲ ಹಕ್ಕಿಯೆಂದು ತಿಳಿಯುತ್ತದೆ. ಹೆಚ್ಚಿನವು ಪ್ಲವರುಗಳು, ಗಿಡ್ಡ ಕೊಕ್ಕಿನ ಚಿಕ್ಕ ದಂಡೆಹಕ್ಕಿಗಳು. ಮೇಲೆ ಬೂದುಗಂದು, ಕೆಳಗೆ ಬಿಳಿ, ಚಳಿಗಾಲದಲ್ಲಿ ಇವಕ್ಕೆ ಬೇರೆ ಅಲಂಕಾರವಿಲ್ಲ. ಕೊರಳ ಹಿಂಬದಿಯಲ್ಲಿ ಬಿಳಿಯ ಪಟ್ಟಿಯಿದ್ದರೆ ಅದು ಕೆಂಟಿಶ್ ಪ್ಲವರ್. ಪಟ್ಟಿಯಿಲ್ಲದಿದ್ದರೆ ಸ್ಯಾಂಡ್ ಪ್ಲವರುಗಳಲ್ಲಿ ಒಂದು. ಅವುಗಳಲ್ಲೂ ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಹೇಳಲು ಕೊಕ್ಕಿನ ಉದ್ದ, ಕಾಲಿನ ಬಣ್ಣ, ನಿಲುವು ಎಲ್ಲವನ್ನೂ ನೋಡಬೇಕು, ನೋಡಿದ ಮೇಲೂ ಜೊತೆಯವರೊಡನೆ ವಾದ ಮಾಡಬೇಕು.

ಈ ಚಿಕ್ಕ ಜಾತಿಯನ್ನು ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದು ಕರೆಯುತ್ತಿದ್ದರು. ಈಚಿನ ವರ್ಷಗಳಲ್ಲಿ ಅದನ್ನು ಸೈಬೀರಿಯದ್ದು ಮತ್ತು ಟಿಬೆಟಿನದ್ದು ಎಂದು ಎರಡು ಪ್ರಭೇದಗಳಾಗಿ ಬೇರ್ಪಡಿಸಲಾಗಿದೆ, ನಮ್ಮ ಪಡುವಣ ಕರಾವಳಿಗೆ ಬರುವವು ಬಹುಪಾಲು ಟಿಬೆಟಿನವು. ರವಿವಾರ ಮಾಗಡಿಯಲ್ಲಿ ಕಂಡ ಹೆಬ್ಬಾತೂ ಇಂದು ತದಡಿಯಲ್ಲಿ ಕಂಡ ಈ ಹಕ್ಕಿಯೂ ಒಂದೇ ಪ್ರಸ್ಥಭೂಮಿಯ ನೆರೆಹೊರೆಯವು. ಅಲ್ಲಿ ಹಿಮ ಬಿದ್ದಾಗ ಒಂದು ಎರೆಹೊಲದ ಕೆರೆಗೂ ಇನ್ನೊಂದು ಉಪ್ಪುಗೆಸರಿಗೂ ಇಳಿಯುತ್ತವೆ. ಹೆಬ್ಬಾತಿನ ಹಾರಾಟದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಸುಮಾರು 60–70 ಗ್ರಾಂ ತೂಗುವ, ಅಂಗೈಯಲ್ಲಿ ಮುಚ್ಚಿಡಬಹುದಾದ ಈ ಪ್ಲವರ್ ಅಷ್ಟೇ ದೂರದಿಂದ ಬಂದರೂ ಅದಕ್ಕಾಗಿ ಯಾರೂ ಏರಿಯ ಮೇಲೆ ಸಾಲುಗಟ್ಟುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಯಲ್ಲಿ ಕುಳಿತಿದ್ದಾಗ ಒಂದು ಕೆಂಟಿಶ್ ಪ್ಲವರ್ ಬಹಳ ಹತ್ತಿರಕ್ಕೆ ಬಂತು. ಅದು ಒಂದೇ ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದು ಕಾಲಿನ ಬೆರಳುಗಳನ್ನು ಹಸಿಗೆಸರಿನ ಮೇಲೆ ರೊಟ್ಟಿ ಬಡಿಯುವ ಅಂಗೈಯ ವೇಗದಲ್ಲಿ ನಡುಗಿಸಿತು. ಕ್ಷಣಹೊತ್ತು ತಲೆ ಓರೆ ಮಾಡಿ ನೋಡಿತು, ಎರಡು ಹೆಜ್ಜೆ ಓಡಿ ಕುಕ್ಕಿತು, ಎಳೆಯಂತಹ ಹುಳು ಕೊಕ್ಕಿನಲ್ಲಿ ಹೊರಬಂತು. ಕಾಲಿನ ಕಂಪನಕ್ಕೆ ಕೆಸರೊಳಗಿನ ಜೀವಿ ಮಿಸುಕುತ್ತದೆ, ಮಿಸುಕಿದ್ದನ್ನು ಪ್ಲವರಿನ ದೊಡ್ಡ ಕಣ್ಣು ಹಿಡಿಯುತ್ತದೆ. ಉದ್ದ ಕೊಕ್ಕಿನ ಹಕ್ಕಿಗಳ ಬೇಟೆಯೇ ಬೇರೆ. ಅವು ಕಾಣದ್ದನ್ನು ಕೊಕ್ಕಿನ ತುದಿಯಿಂದ ತಡವಿ ಹುಡುಕುತ್ತವೆ. ತುಸು ಆಚೆ ಒಂದು ವಿಂಬ್ರೆಲ್ ತನ್ನ ಬಾಗಿದ ಕೊಕ್ಕನ್ನು ಏಡಿಯ ಬಿಲಕ್ಕೆ ಇಳಿಸಿ ಒಂದು ಏಡಿಯನ್ನು ಎಳೆದು ತೆಗೆಯಿತು. ದೊಡ್ಡ ಕೊಂಬು ಕಳಚಿಬೀಳುವವರೆಗೆ ಅದನ್ನು ಒದರಿತು, ನೀರಿನಲ್ಲಿ ಅದ್ದಿ ಕೆಸರು ತೊಳೆಯಿತು, ಆಮೇಲೆ ನುಂಗಿತು. ಟೆರೆಕ್ ಸ್ಯಾಂಡ್‌ಪೈಪರ್ ಮಾತ್ರ ಮೇಲಕ್ಕೆ ಬಾಗಿದ ಕೊಕ್ಕು ಮುಂದೆ ಮಾಡಿ ಕೆಸರಿನ ಮೇಲೆ ಅಡ್ಡಾದಿಡ್ಡಿ ಓಡುತ್ತಲೇ ಇತ್ತು. ಕೆಂಪುಗಾಲಿನ ರೆಡ್‌ಶ್ಯಾಂಕುಗಳು, ಗ್ರೀನ್‌ಶ್ಯಾಂಕು, ಕರ್ಲ್ಯೂ, ಕಲ್ಲಿನ ಬಣ್ಣದ ಒಂದು ಬಂಡೆಬೆಳ್ಳಕ್ಕಿ, ಕಂಬದ ಮೇಲೆ ಕುಳಿತು ಮೀನು ಹರಿಯುತ್ತಿದ್ದ ಡೇಗೆ. ಇವೆಲ್ಲ ಟಿಪ್ಪಣಿ ಪುಸ್ತಕಕ್ಕೆ ಸೇರಿದವು.

ನೀರು ಮರಳುವುದು ಸದ್ದಿಲ್ಲದೆ. ಕಾಲುವೆಗಳು ಮೊದಲು ತುಂಬಿಕೊಂಡವು, ಕೆಸರು ದ್ವೀಪಗಳಾಯಿತು, ಹಕ್ಕಿಗಳು ಒತ್ತೊತ್ತಾಗಿ ನಿಂತವು, ಆಮೇಲೆ ಒಂದೊಂದೇ ಗುಂಪು ಎದ್ದು ಉತ್ತರಕ್ಕೆ ಹಾರಿತು. ದೋಣಿ ಕಟ್ಟುತ್ತಿದ್ದವರೊಬ್ಬರನ್ನು ಕೇಳಿದೆವು. “ಭರ್ತಿ ಬಂತಲ್ಲ, ಇನ್ನು ಸಾಣಿಕಟ್ಟೆ ಆಗರಕ್ಕೆ ಹೋಗ್ತವೆ” ಎಂದರು. ಹೋಗಿ ನೋಡಿದರೆ ಮಾತು ನಿಜವಾಗಿತ್ತು. ಉಪ್ಪಿನ ಪಾತಿಗಳ ಬದುಗಳ ಮೇಲೆ ಬೆಳಗಿನ ಪ್ಲವರುಗಳು ಎಲ್ಲವೂ ಗಾಳಿಗೆ ಮುಖ ಮಾಡಿ ನಿಂತಿದ್ದವು, ಅರ್ಧಕ್ಕರ್ಧ ಒಂಟಿಕಾಲಿನ ಮೇಲೆ. ಪಾತಿಯೊಳಗಿನ ತೆಳುನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಮತ್ತು ಲಿಟ್ಲ್ ಸ್ಟಿಂಟುಗಳು ಮೇಯುತ್ತಿದ್ದವು. ಈ ಎರಡು ನಮ್ಮ ಧಾರವಾಡದ ಕೆಲಗೇರಿ ಕೆರೆಯಲ್ಲೂ ಸಿಗುತ್ತವೆ. ಹೊಟ್ಟೆ ತುಂಬಿಸುವ ಕೆಸರು ಎಷ್ಟು ಮುಖ್ಯವೋ ಭರತದ ಹೊತ್ತಿಗೆ ಕಾಲೂರುವ ಒಣ ಬದುವೂ ಅಷ್ಟೇ ಮುಖ್ಯ. ಅದಿಲ್ಲದಿದ್ದರೆ ಹಕ್ಕಿ ತಾನು ತಿಂದ ಕೊಬ್ಬನ್ನು ಹಾರುತ್ತಲೇ ಕರಗಿಸಬೇಕಾಗುತ್ತದೆ, ಏಪ್ರಿಲಿನ ದೂರದ ಹಾರಾಟಕ್ಕೆ ಅದರ ಬಳಿ ಏನೂ ಉಳಿಯುವುದಿಲ್ಲ. ರಾತ್ರಿಯ ಇಳಿತದಲ್ಲೂ ಇವು ಮೇಯುವುದರಿಂದ ಈ ಓಡಾಟ ಹಗಲಿಗೆ ಮಾತ್ರ ಸೀಮಿತವಲ್ಲ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಇಲ್ಲಿಗೆ ಬರುವ ಅಘನಾಶಿನಿಗೆ ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಹೂಳು ತಡೆಯಿಲ್ಲದೆ ಇಳಿದು ಈ ಕೆಸರಾಗಿದೆ. ಬಳಚು, ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಗ್ಗ ಭತ್ತ, ಮೀನು, ಹಕ್ಕಿ ಎಲ್ಲವೂ ನಿಂತಿರುವುದು ಆ ಹೂಳಿನ ಮೇಲೆ. ಇದೇ ತದಡಿಯಲ್ಲಿ 4,000 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರದ ಯೋಜನೆಯೊಂದು ಬಂದು, ಜನರ ವಿರೋಧದ ನಂತರ ಕೈಬಿಟ್ಟುಹೋಯಿತು. ಕೆಸರನ್ನು ಖಾಲಿ ಜಾಗವೆಂದು ಬಗೆಯುವ ಕಣ್ಣಿಗೆ ಅಲ್ಲಿ ಸ್ಥಾವರವೇ ಕಾಣುತ್ತದೆ.

ಗೋಕರ್ಣ, 16 ಜನವರಿ 2025, ಗುರುವಾರ

ಊರಿಗೆ ಹೊರಡುವ ಮುನ್ನ ಗಂಗಾವಳಿಯ ಬಾಯಿಗೆ ಹೋಗಿದ್ದೆವು. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯೊಂದಿಗೆ ಕೂಡಿ ಕೊನೆಗೆ ಗಂಗಾವಳಿಯಾಗಿ ಕಡಲು ಸೇರುವುದು ಇಲ್ಲಿಯೇ. ಆದ್ದರಿಂದ ಈ ಅಳಿವೆಯ ಮೇಲೆ ನಮಗೂ ಸ್ವಲ್ಪ ಹಕ್ಕಿದೆಯೆಂದು ನಾವು ಧಾರವಾಡದವರು ಪಟ್ಟು ಹಿಡಿಯುವುದುಂಟು. ಮರಳುದಿಬ್ಬದ ಮೇಲೆ ಕಡಲಹಕ್ಕಿಗಳಾದ ಗಲ್‌ಗಳೂ ಟರ್ನ್‌ಗಳೂ ಬೇರೆಬೇರೆ ಗುಂಪುಗಳಾಗಿ ನಿಂತಿದ್ದವು. ಗಲ್‌ಗಳಲ್ಲಿ ಹೆಚ್ಚಿನವು ಕಂದುತಲೆಯವು, ಅವೂ ಲಡಾಖ್ ಮತ್ತು ಟಿಬೆಟಿನ ಸರೋವರಗಳಲ್ಲಿ ಮರಿಮಾಡುವಂಥವೇ. ಅವುಗಳ ನಡುವೆ ಉತ್ತರ ರಷ್ಯಾದ ಟಂಡ್ರಾದಿಂದ ಬರುವ ಕಡುಬೆನ್ನಿನ ಹ್ಯೂಗ್ಲಿನ್ಸ್ ಗಲ್‌ಗಳು ಎದ್ದು ಕಾಣುತ್ತಿದ್ದವು. ಟರ್ನ್‌ಗಳಲ್ಲಿ ಗಲ್-ಬಿಲ್ಡ್ ಮತ್ತು ಲೆಸ್ಸರ್ ಕ್ರೆಸ್ಟೆಡ್ ಖಚಿತ, ಉಳಿದವು ದೂರದಲ್ಲಿದ್ದವು. ಬಿಳಿಹೊಟ್ಟೆಯ ಕಡಲಹದ್ದು ಒಮ್ಮೆ ಮೇಲೆ ಸುಳಿದಾಗ ಇಡೀ ದಿಬ್ಬವೇ ಎದ್ದು, ಹದ್ದು ದಾಟಿದ ಮೇಲೆ ಮತ್ತೆ ಕುಳಿತಿತು.

ಸ್ಯಾಂಡ್ ಪ್ಲವರುಗಳ ಬಗೆಗಿನ ವಾದ ತೀರಿಲ್ಲ. ಮಾರ್ಚ್ ಮುಗಿಯುವ ಹೊತ್ತಿಗೆ ಅವುಗಳ ಎದೆಗೆ ಕೆಂಗಂದು ಬಣ್ಣ ಏರುವುದರಿಂದ ಆಗ ಬೇರ್ಪಡಿಸುವುದು ಸುಲಭ. ಯುಗಾದಿಯ ಅಮಾವಾಸ್ಯೆ ಮಾರ್ಚ್ 29ಕ್ಕೆ ಬೀಳುತ್ತದೆ, ಮರುದಿನ ಹಬ್ಬ, ಅದರ ಮರುದಿನ ಬೆಳಗಿನ ಇಳಿತ ದೊಡ್ಡದಿರುತ್ತದೆ. ಮಾಗಡಿಯಲ್ಲಿ ಅಷ್ಟೊತ್ತಿಗೆ ಹೆಬ್ಬಾತುಗಳು ಹೊರಟುಹೋಗಿರುತ್ತವೆ, ತದಡಿಯಲ್ಲಿ ಪ್ಲವರುಗಳು ಇನ್ನೂ ಇರುತ್ತವೆ. ಬೇವು ಬೆಲ್ಲ ಮುಗಿಸಿ ಸಂಜೆಯ ಬಸ್ಸಿಗೆ ಹೊರಡುವುದೆಂದು ಜೊತೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ.